ಮರೆವಿನ ಮುಪ್ಪೂ ಮರೆಯದ ಹಾಡೂ

“ಅರುವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಮನೆಯ ಹಿರಿಯರು ಹೇಳಿದ ಮಾತನ್ನೇ ಹತ್ತು ಸಾರಿ ಹೇಳತೊಡಗಿದರೆ, ಉಂಡು ಕೈತೊಳೆದ ಮೇಲೂ ಇನ್ನೂ ಊಟವಾಗಲಿಲ್ಲವೆಂದು ಕುಳಿತರೆ, ಸಂಜೆಯಾಗುತ್ತಲೇ ತಮ್ಮ ಸ್ವಂತ ಮನೆಯಲ್ಲಿದ್ದುಕೊಂಡೇ ‘ಮನೆಗೆ ಹೋಗುತ್ತೇನೆ’ ಎಂದು ಹೊಸ್ತಿಲಿಗೆ ಬಂದು ನಿಂತರೆ, ನಾವು ಈ ಗಾದೆಯನ್ನಾಡಿ ಸುಮ್ಮನಾಗುತ್ತೇವೆ. ಈ ಗಾದೆಯಲ್ಲಿ ನಗೆಯೂ ಇದೆ, ಕನಿಕರವೂ ಇದೆ. ಆದರೆ ಇಂತಹವರೊಡನೆ ಇನ್ನು ಮಾತೇನು, ಇವರ ಮನಸ್ಸಿಗೆ ಇನ್ನು ದಾರಿಯೆಲ್ಲಿ ಎಂಬ ಒಂದು ತೀರ್ಮಾನವೂ ಅದರಲ್ಲಿ ಅಡಗಿದೆ. ಆ ತೀರ್ಮಾನವು ಸರಿಯಲ್ಲವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಮಾನ್ಯ ತಂದೆತಾಯಿಗಳ ಮುಂದೆಯೂ ಬಿನ್ನವಿಸಬೇಕೆಂದು ಈ ಲೇಖನವನ್ನು ಬರೆದಿದ್ದೇವೆ.

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಪ್ಪಿನ ಮಾತೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣಗಳು ಎರಡು. ಒಂದನೆಯದು: ಇಲ್ಲಿ ಓದಿ ಹೋದವರಲ್ಲಿ ಅನೇಕರು ಈಗ ನಲವತ್ತು ಐವತ್ತರ ವಯಸ್ಸಿನವರು, ಒಂದು ಕಡೆ ಮಕ್ಕಳ ವಿದ್ಯಾಭ್ಯಾಸವನ್ನೂ ಮತ್ತೊಂದು ಕಡೆ ಅತ್ತೆಮಾವಂದಿರ, ತಂದೆತಾಯಿಗಳ ಶುಶ್ರೂಷೆಯನ್ನೂ ಹೊತ್ತವರು. ಅವರು ಶಾಲೆಗೆ ಬಂದಾಗ ಮೊದಲು ಮಗಳ ಅಂಕಗಳ ಮಾತನ್ನಾಡಿ, ಹೊರಡುವ ಹೊತ್ತಿಗೆ ಮೆಲ್ಲನೆ ಮನೆಯ ಮುದುಕರ ಮಾತೆತ್ತುತ್ತಾರೆ. ಎರಡನೆಯದು: ಕಲಿಯುವುದು, ನೆನಪಿಡುವುದು, ಮರೆಯುವುದು ಇವು ಉಪಾಧ್ಯಾಯರಾದ ನಮ್ಮ ನಿತ್ಯದ ವಿಚಾರಗಳು. ಮನುಷ್ಯನ ಮನಸ್ಸಿನಿಂದ ಯಾವುದು ಬೇಗ ಅಳಿಯುತ್ತದೆ, ಯಾವುದು ಕಡೆಯತನಕ ಉಳಿಯುತ್ತದೆ ಎಂಬುದು ಶಾಲೆಗೆ ಸಂಬಂಧಿಸದ ವಿಷಯವಲ್ಲ.

ಮೊದಲು ರೋಗದ ಸಂಗತಿ. ವಯಸ್ಸಾದವರು ಕನ್ನಡಕವನ್ನೆಲ್ಲಿಟ್ಟೆನೆಂದು ಹುಡುಕುವುದು, ಹೆಸರೊಂದು ನಾಲಿಗೆಯ ತುದಿಗೆ ಬಂದು ನಿಲ್ಲುವುದು ಸಹಜ. ಆದರೆ ಹತ್ತಿದ ಒಲೆಯನ್ನು ಮರೆಯುವುದು, ನಡೆದಾಡಿದ ಬೀದಿಯಲ್ಲಿಯೇ ದಾರಿ ತಪ್ಪುವುದು, ಸೀರೆಯುಡುವ ಕ್ರಮವೇ ತಿಳಿಯದಾಗುವುದು, ಹೊಟ್ಟೆಯ ಮಕ್ಕಳ ಗುರುತು ಸಿಕ್ಕದಿರುವುದು ಇವು ಮುಪ್ಪಿನ ಸಹಜ ಗುಣಗಳಲ್ಲ. ಇವು ಮಿದುಳಿನ ಕಣಗಳು ನಶಿಸುವುದರಿಂದ ಬರುವ ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಮರೆಗುಳಿ ರೋಗವೆಂದು ನಾವು ಹೇಳಬಹುದು. ಇದರಲ್ಲಿ ಹಲವು ಬಗೆಗಳುಂಟು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್‌ಜೈಮರ್ ಎಂಬ ಜರ್ಮನ್ ವೈದ್ಯರ ಹೆಸರಿನಿಂದ ಕರೆಯಲ್ಪಡುವ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಲೋಕದಲ್ಲಿ ೫.೭ ಕೋಟಿ ಜನರು ಮರೆಗುಳಿ ರೋಗಕ್ಕೆ ಒಳಗಾಗಿದ್ದರು. ನಮ್ಮ ದೇಶದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯೊಂದರ ಪ್ರಕಾರ, ಅರುವತ್ತು ದಾಟಿದವರಲ್ಲಿ ನೂರಕ್ಕೆ ೭.೪ ಮಂದಿ, ಅಂದರೆ ಸುಮಾರು ೮೮ ಲಕ್ಷ ಜನರು, ಇದರಿಂದ ಬಾಧೆಪಡುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಓದು ಬರಹ ದೊರೆಯದವರಲ್ಲಿ ಈ ರೋಗವು ಹೆಚ್ಚೆಂದೂ ಅದೇ ಪರಿಶೀಲನೆಯಿಂದ ತಿಳಿದುಬಂದಿದೆ. ಈ ಕಡೆಯ ಮಾತನ್ನು ಹೆಣ್ಣುಮಕ್ಕಳ ಶಾಲೆಯೊಂದು ಓದಿ ಸುಮ್ಮನಿರಲಾರದು. ಲೋಕಿಕೆರೆಯಂತಹ ಊರುಗಳಲ್ಲಿ ಈಗ ಎಂಬತ್ತರ ಗಡಿಯಲ್ಲಿರುವ ತಾಯಂದಿರಲ್ಲಿ ಶಾಲೆಯ ಹೊಸ್ತಿಲನ್ನು ತುಳಿದವರು ಎಷ್ಟು ಮಂದಿ?

ಮರೆವು ಕಂಡಕೂಡಲೇ ಇದೇ ರೋಗವೆಂದು ನಾವಾಗಿಯೇ ನಿಶ್ಚಯಿಸಬಾರದು. ಥೈರಾಯ್ಡ್ ಗ್ರಂಥಿಯ ದೋಷ, ಬಿ-೧೨ ಜೀವಸತ್ತ್ವದ ಕೊರತೆ, ಮನೋವ್ಯಥೆ, ಕೆಲವು ಔಷಧಗಳ ಪರಿಣಾಮ, ಬಿದ್ದು ತಲೆಗೆ ತಗಲಿದ ಪೆಟ್ಟು ಇವುಗಳಿಂದಲೂ ಬುದ್ಧಿ ಮಂಕಾಗುವುದುಂಟು. ಇವುಗಳಲ್ಲಿ ಅನೇಕಕ್ಕೆ ಚಿಕಿತ್ಸೆಯಿದೆ. ಕಿವಿ ಕೇಳದವರನ್ನು ಬುದ್ಧಿ ಹೋದವರೆಂದು ತಿಳಿಯುವುದೂ ಉಂಟು. ಆದಕಾರಣ ಮೊದಲ ಹೆಜ್ಜೆ ವೈದ್ಯರ ಕಡೆಗೆ. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳೂ ವೈದ್ಯಕೀಯ ಕಾಲೇಜುಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕರ್ನಾಟಕ ಸರ್ಕಾರವೂ ಕೂಡಿ ೨೦೨೨ರಲ್ಲಿ ಮಿದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ರೈತ ಕುಟುಂಬಗಳ ಹಿರಿಯರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ, ಮಿದುಳಿಗೆ ಮುಪ್ಪು ಬರುವ ಬಗೆಯನ್ನು ಅರಿಯಲು ಯತ್ನಿಸುತ್ತಿದ್ದಾರೆ. ಹೀಗೆ ವಿದ್ವಾಂಸರು ತಮ್ಮ ಕೆಲಸವನ್ನು ನಡೆಸಿದ್ದಾರೆ. ಆದರೆ ಕಳೆದುಹೋದ ನೆನಪನ್ನು ಮರಳಿ ತಂದುಕೊಡುವ ಔಷಧವು ಇನ್ನೂ ದೊರೆತಿಲ್ಲ. ಆದುದರಿಂದ ವೈದ್ಯರ ಮನೆಯಿಂದ ಹಿಂದಿರುಗಿದ ಮೇಲೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಮನೆಯವರ ಪಾಲಿಗೇ ಉಳಿಯುತ್ತದೆ. ನಮ್ಮ ಮಾತು ಆ ಗಂಟೆಗಳನ್ನು ಕುರಿತದ್ದು.

ಡಾಕ್ಟರ್ ಆಲ್‌ಜೈಮರ್ ಅವರು ೧೯೦೧ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ೫೧ ವರ್ಷದ ಒಬ್ಬ ಹೆಂಗಸನ್ನು ಕಂಡರು. ಆಕೆಯ ಹೆಸರು ಆಗಸ್ಟೆ. ವೈದ್ಯರು ಆಕೆಯ ಎದುರಿಗೆ ಕುಳಿತು ಪ್ರಶ್ನೆ ಕೇಳಿದರು, ಉತ್ತರಗಳನ್ನು ಬರೆದಿಟ್ಟುಕೊಂಡರು. ನಿಮ್ಮ ಹೆಸರೇನೆಂದು ಕೇಳಿದರೆ ಆಕೆ ಆಗಸ್ಟೆ ಎಂದಳು. ಮನೆತನದ ಹೆಸರೇನೆಂದರೆ ಅದಕ್ಕೂ ಆಗಸ್ಟೆ. ಗಂಡನ ಹೆಸರೇನೆಂದರೆ ಅದಕ್ಕೂ ಅದೇ ಉತ್ತರ. ಆಕೆ ೧೯೦೬ರಲ್ಲಿ ತೀರಿಕೊಂಡ ಬಳಿಕ ವೈದ್ಯರು ಆಕೆಯ ಮಿದುಳನ್ನು ಪರಿಶೀಲಿಸಿ, ಅದೇ ವರ್ಷ ವಿದ್ವಾಂಸರ ಸಭೆಯಲ್ಲಿ ವಿವರಿಸಿದರು. ೧೯೧೦ರಲ್ಲಿ ಈ ರೋಗಕ್ಕೆ ಅವರ ಹೆಸರೇ ಬಂದಿತು. ವೈದ್ಯರು ಪ್ರಶ್ನೆ ಕೇಳಿದ್ದು ತಪ್ಪಲ್ಲ. ರೋಗದ ಅಳತೆ ತಿಳಿಯಲು ಅವರಿಗೆ ಪ್ರಶ್ನೆ ಬೇಕು. ಆದರೆ ವೈದ್ಯರು ಒಂದು ದಿನ ಮಾಡಬೇಕಾದ ಕೆಲಸವನ್ನು ಮಕ್ಕಳಾದ ನಾವು ದಿನವೂ ಮಾಡುತ್ತಿದ್ದೇವಲ್ಲವೇ? ‘ಅವ್ವಾ, ನಾನ್ಯಾರು ಹೇಳು?’ ‘ಈತನ ಹೆಸರೇನು?’ ‘ಈಗತಾನೆ ಏನುಂಡೆ?’ ‘ಇವತ್ತು ಯಾವ ವಾರ?’ ಬಂದ ನೆಂಟರೆಲ್ಲರೂ ಸರದಿಯಂತೆ ಕೇಳುವುದು ಇದನ್ನೇ. ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಕೇಳಿಸಿಕೊಳ್ಳುವವರಿಗೆ ಅದು ಪರೀಕ್ಷೆ. ಅದೂ ಎಂದೆಂದಿಗೂ ತೇರ್ಗಡೆಯಾಗಲಾರದ ಪರೀಕ್ಷೆ.

ಪರೀಕ್ಷೆ ಮಾಡುವುದರಲ್ಲಿಯೇ ವಯಸ್ಸು ಕಳೆದವರು ನಾವು. ಉತ್ತರ ತಿಳಿಯದ ಮಗುವಿನ ಮುಖವು ನಮಗೆ ಚೆನ್ನಾಗಿ ಗೊತ್ತು. ಅದು ಮೊದಲು ನೆಲವನ್ನು ನೋಡುತ್ತದೆ. ಅನಂತರ ಪಕ್ಕದವರ ಮುಖವನ್ನು ನೋಡುತ್ತದೆ. ಆಮೇಲೆ ಏನಾದರೊಂದು ಹೇಳಿ ನಗಲು ಯತ್ನಿಸುತ್ತದೆ. ಅದೂ ಆಗದಿದ್ದರೆ ಅಳುತ್ತದೆ, ಇಲ್ಲವೆ ಸಿಡುಕುತ್ತದೆ. ಮರೆವಿನ ಹಿರಿಯರೂ ಹೀಗೆಯೇ ಮಾಡುತ್ತಾರೆ. ಹೆಸರು ಮರೆತುಹೋಗಿರಬಹುದು, ಆದರೆ ಅವಮಾನದ ಅರಿವು ಹೋಗಿರುವುದಿಲ್ಲ. ಯಾರು ಬಂದರು, ಏನೆಂದರು ಎಂಬುದು ಕಾಲು ಗಂಟೆಯಲ್ಲಿ ಅಳಿದುಹೋದರೂ, ಆ ಮಾತು ಮನಸ್ಸಿಗೆ ಹತ್ತಿಸಿದ ನೋವಾಗಲಿ ನೆಮ್ಮದಿಯಾಗಲಿ ಬಹಳ ಹೊತ್ತು ನಿಲ್ಲುತ್ತದೆ. ಆದುದರಿಂದ ಮನೆಯಲ್ಲಿ ಈ ಪರೀಕ್ಷೆಯನ್ನು ನಿಲ್ಲಿಸತಕ್ಕದ್ದು ಎಂಬುದೇ ನಮ್ಮ ಮೊದಲನೆಯ ಅಭಿಪ್ರಾಯ. ‘ನಾನ್ಯಾರು ಹೇಳು’ ಎನ್ನುವ ಬದಲು ‘ಅವ್ವಾ, ನಾನು ನಿನ್ನ ಮಗ ಬಂದಿದ್ದೇನೆ’ ಎಂದು ತಾನೇ ಹೇಳಿ ಪಕ್ಕದಲ್ಲಿ ಕುಳಿತರೆ, ಅರ್ಧ ಭಯವು ಅಲ್ಲಿಯೇ ಕಳೆಯುವುದು.

ಹಾಗಾದರೆ ಪ್ರಶ್ನೆಯಿಂದ ತಲುಪಲಾಗದ ಮನಸ್ಸನ್ನು ಯಾವುದರಿಂದ ತಲುಪಬೇಕು? ನಾವು ಕಣ್ಣಾರೆ ಕಂಡ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ನಮ್ಮಲ್ಲಿ ಓದಿ ಲೋಕಿಕೆರೆಯ ಕಡೆಗೆ ಸೊಸೆಯಾಗಿ ಹೋದವಳೊಬ್ಬಳ ಅತ್ತೆಗೆ ಈ ರೋಗ. ಸ್ನಾನವೆಂದರೆ ಆ ತಾಯಿಗೆ ಬೆದರಿಕೆ. ತಂಬಿಗೆಯನ್ನು ಕಂಡೊಡನೆ ಕೂಗಾಟ. ಒಂದು ದಿನ ಸೊಸೆಯು ನೀರನ್ನು ತಲೆಗೆ ಸುರಿಯದೆ, ಮೊದಲು ಕೈಗೆ ಎಣ್ಣೆಯನ್ನು ಹಚ್ಚಿ, ಬಿಸಿನೀರನ್ನು ಪಾದಕ್ಕೆ ಮಾತ್ರ ಮೆಲ್ಲಗೆ ಹಾಕುತ್ತ, ತನ್ನ ತವರಿನಲ್ಲಿ ಕೇಳಿದ ಬೀಸುವ ಪದವೊಂದನ್ನು ಸಣ್ಣ ದನಿಯಲ್ಲಿ ಹೇಳತೊಡಗಿದಳು. ಎರಡು ಮೂರು ನುಡಿಯಾಗುವುದರೊಳಗೆ ಅತ್ತೆಯ ಬಲಗೈ ಕಲ್ಲಿನ ಗೂಟವನ್ನು ಹಿಡಿದಂತೆ ಸುತ್ತತೊಡಗಿತು. ಸೊಸೆ ಮರೆತ ಸಾಲನ್ನು ಅತ್ತೆಯೇ ಮುಗಿಸಿದಳು! ಸೊಸೆಯ ಹೆಸರು ಆಕೆಗೆ ಅಂದೂ ನೆನಪಾಗಲಿಲ್ಲ, ಇಂದಿಗೂ ನೆನಪಿಲ್ಲ. ಆದರೆ ನಾವು ಹೋಗಿದ್ದ ದಿನ ಆಕೆ ಸೊಸೆಯ ಕೈಯನ್ನು ಹಿಡಿದುಕೊಂಡೇ ‘ನೀರು ಬೆಚ್ಚಗೈತವ್ವಾ’ ಎಂದಳು. ಹೆಸರಿಲ್ಲದಿದ್ದರೂ ಸಂಬಂಧವಿತ್ತು.

ಇದು ಪವಾಡವಲ್ಲ, ಇದಕ್ಕೆ ಕಾರಣವುಂಟು. ನೆನಪೆಂಬುದು ಒಂದೇ ಪೆಟ್ಟಿಗೆಯಲ್ಲಿ ತುಂಬಿಟ್ಟ ಸಾಮಾನಲ್ಲ. ನಿನ್ನೆ ಏನು ನಡೆಯಿತು, ಯಾರು ಬಂದರು ಎಂಬ ನೆನಪನ್ನು ಕಾಯುವ ಮಿದುಳಿನ ಭಾಗವನ್ನು ಆಲ್‌ಜೈಮರ್ ರೋಗವು ಬಹು ಮುಂಚೆಯೇ ಕೆಡಿಸುತ್ತದೆ. ರೊಟ್ಟಿ ತಟ್ಟುವುದು, ಹೂ ಕಟ್ಟುವುದು, ಹಾಡಿಗೆ ತಾಳ ಹಾಕುವುದು ಮುಂತಾದ, ಸಾವಿರ ಸಾರಿ ಮಾಡಿ ಕೈಗೂ ಬಾಯಿಗೂ ರೂಢಿಯಾದ ನೆನಪುಗಳು ಬೇರೆಡೆಯಲ್ಲಿ ನೆಲೆಸಿ ತಡವಾಗಿ ಅಳಿಯುತ್ತವೆ. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಬಹುಕಾಲದಿಂದ ಪರಿಚಿತವಾದ ಹಾಡನ್ನು ಗುರುತಿಸುವ ಮಿದುಳಿನ ಭಾಗಗಳು ಈ ರೋಗದಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಸವೆದಿರುವುದನ್ನು ತೋರಿಸಿದರು. ಅಲ್ಲದೆ, ಮನುಷ್ಯನಿಗೆ ಸುಮಾರು ಹತ್ತರಿಂದ ಮೂವತ್ತು ವರ್ಷಗಳ ಒಳಗೆ ಕೇಳಿ ಹಾಡಿದ ಹಾಡುಗಳೇ ಎಲ್ಲಕ್ಕಿಂತ ಆಳವಾಗಿ ಬೇರೂರುತ್ತವೆ ಎಂದೂ ಮನಶ್ಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮ ಎಂಬತ್ತರ ತಾಯಂದಿರಿಗೆ ಆ ವಯಸ್ಸಿನಲ್ಲಿ ದೊರೆತದ್ದು ಸೋಬಾನೆಯ ಪದ, ಕುಟ್ಟುವ ಬೀಸುವ ಪದ, ಭಜನೆ, ವಚನ, ಜಾತ್ರೆಯಲ್ಲಿ ಕಂಡ ನಾಟಕದ ಹಾಡು. ದಾವಣಗೆರೆಯ ಸೀಮೆಯಲ್ಲಿ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು ರಾತ್ರಿಯೆಲ್ಲ ಕುಳಿತು ನೋಡಿದವರು ಎಷ್ಟೋ ಮಂದಿ. ಅವರ ಪಾಲಿಗೆ ಆ ರಂಗಗೀತೆಯೇ ಬೀಗದ ಕೈ.

ಸ್ಪರ್ಶದ ಮಾತೂ ಹೀಗೆಯೇ. ಮಗುವು ಲೋಕವನ್ನು ಮೊದಲು ಅರಿಯುವುದು ತಾಯಿಯ ಮೈಯ ಬಿಸುಪಿನಿಂದ. ಮಾತು ಕುಂದಿ, ಕಣ್ಣು ಮಂಜಾಗಿ, ಕಿವಿ ದೂರವಾದ ಮೇಲೂ ಆ ಅರಿವು ಉಳಿದಿರುತ್ತದೆ. ಆದರೆ ನಮ್ಮ ಸಂಸಾರಗಳಲ್ಲಿ ಹಿರಿಯರನ್ನು ಮುಟ್ಟುವ ಸಂದರ್ಭಗಳು ವಯಸ್ಸಾದಂತೆ ಕಡಿಮೆಯಾಗುತ್ತ ಬರುವುದನ್ನು ಗಮನಿಸಿದ್ದೀರಾ? ಹಬ್ಬದ ದಿನ ಪಾದ ಮುಟ್ಟಿ ನಮಸ್ಕರಿಸುತ್ತೇವೆ. ಅದರಾಚೆ ಮುಟ್ಟುವುದೆಲ್ಲ ತೊಳೆಯಲು, ಉಡಿಸಲು, ಎತ್ತಿ ಕೂರಿಸಲು. ಕೆಲಸದ ಮುಟ್ಟುವಿಕೆ ಉಳಿದು ಪ್ರೀತಿಯ ಮುಟ್ಟುವಿಕೆ ನಿಂತುಹೋಗುತ್ತದೆ. ಹಿಂದಿನವರಲ್ಲಿ ಇದಕ್ಕೆ ಅನುಕೂಲವಾದ ಪದ್ಧತಿಗಳಿದ್ದವು. ತಲೆಗೆ ಎಣ್ಣೆಯೊತ್ತಿ ಬಾಚಿ ಜಡೆ ಹಾಕುವುದು, ಅಂಗೈಗೆ ಮದರಂಗಿ ಇಡುವುದು, ಕೈಯನ್ನು ಮೃದುವಾಗಿ ಒತ್ತಿ ಬಳೆ ತೊಡಿಸುವುದು, ದಣಿದು ಬಂದವರ ಕಾಲೊತ್ತುವುದು ಇವೆಲ್ಲ ಮಾತಿಲ್ಲದ ಉಪಚಾರಗಳು. ಇವುಗಳನ್ನು ಮರಳಿ ತರುವುದಕ್ಕೆ ಹಣ ಬೇಡ, ಔಷಧದ ಅಂಗಡಿ ಬೇಡ. ೨೦೦೬ರಲ್ಲಿ ವೈದ್ಯಶಾಸ್ತ್ರಜ್ಞರು ಅದುವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿದಾಗ, ಅವು ಸಂಖ್ಯೆಯಲ್ಲಿ ತೀರ ಸ್ವಲ್ಪವಾಗಿದ್ದರೂ, ಕೈಯನ್ನು ನೀವುವುದರಿಂದ ರೋಗಿಗಳ ತಳಮಳವು ಆ ಹೊತ್ತಿಗೆ ತಗ್ಗುವುದೆಂದೂ, ಊಟ ಮಾಡಿರೆಂದು ಬಾಯಿಮಾತಿನಲ್ಲಿ ಹೇಳುವುದರ ಜೊತೆಗೆ ಮೆಲ್ಲನೆ ಮುಟ್ಟಿದರೆ ಅವರು ಹೆಚ್ಚು ಉಣ್ಣುವರೆಂದೂ ಕಂಡುಬಂದಿತು.

ಹಾಡೂ ಸ್ಪರ್ಶವೂ ಒಂದುಗೂಡಿದರೆ ಏನಾಗಬಲ್ಲದೆಂಬುದಕ್ಕೆ ಅಮೇರಿಕೆಯಿಂದ ಬಂದ ಒಂದು ಚಲಚ್ಚಿತ್ರವನ್ನು ಅನೇಕರು ಫೋನುಗಳಲ್ಲಿ ನೋಡಿರಬಹುದು. ನವೋಮಿ ಫೈಲ್ ಎಂಬ ಸಮಾಜಸೇವಕಿಯು ಗ್ಲ್ಯಾಡಿಸ್ ವಿಲ್ಸನ್ ಎಂಬ ವೃದ್ಧೆಯ ಎದುರು ಕುಳಿತಿದ್ದಾರೆ. ಗ್ಲ್ಯಾಡಿಸ್ ಬಹುಕಾಲದಿಂದ ಮಾತು ಬಿಟ್ಟಂತೆಯೇ ಇದ್ದವರು. ನವೋಮಿಯು ಆಕೆಯ ಕೆನ್ನೆಗಳನ್ನು ತಾಯಿಯಂತೆ ಮೆಲ್ಲಗೆ ನೇವರಿಸುತ್ತ, ಆಕೆಯ ಬಾಲ್ಯದ ಕ್ರೈಸ್ತ ಗೀತೆಗಳನ್ನು ಹಾಡುತ್ತಾರೆ. ಆಕೆಯ ಕೈ ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತದೆ. ಆ ಕೈ ವೇಗವಾದರೆ ಹಾಡೂ ವೇಗವಾಗುತ್ತದೆ, ನಿಧಾನವಾದರೆ ಹಾಡೂ ನಿಧಾನವಾಗುತ್ತದೆ. ಕಡೆಗೆ ಆಕೆಯ ಬಾಯಿಂದ ನುಡಿ ಹೊರಡುತ್ತದೆ. ಇಲ್ಲಿ ನಾವು ಮನಸ್ಸಿನಲ್ಲಿಡಬೇಕಾದ ವಿಷಯವೊಂದಿದೆ. ೨೦೨೩ರಲ್ಲಿ ತೀರಿಹೋದ ಈ ನವೋಮಿಯವರು ಯೆಹೂದ್ಯ ಮನೆತನದವರು. ಹಾಡಿದ್ದು ಮಾತ್ರ ಗ್ಲ್ಯಾಡಿಸ್‌ಳ ಧರ್ಮದ ಗೀತೆ. ನಾವು ಯಾವ ಹಾಡನ್ನು ಬಲ್ಲೆವು, ಯಾವುದು ನಮಗೆ ಇಷ್ಟ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ನಮ್ಮ ಶಾಲೆಯಲ್ಲಿ ಎಲ್ಲ ಮತದ ಹೆಣ್ಣುಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಓದಿದ್ದಾರೆ. ಶರಣರ ಮನೆಯ ಅಜ್ಜಿಗೆ ಬಸವಣ್ಣನವರ ವಚನ, ಮುಸಲ್ಮಾನರ ಮನೆಯ ನಾನಿಗೆ ಢೋಲಕ್ಕಿನ ಮದುವೆಯ ಹಾಡು, ಕ್ರೈಸ್ತ ತಾಯಿಗೆ ಇಪ್ಪತ್ತಮೂರನೆಯ ಕೀರ್ತನೆ, ಮತ್ತೊಬ್ಬರಿಗೆ ಶಿಶುನಾಳ ಶರೀಫ ಸಾಹೇಬರ ತತ್ತ್ವಪದ. ಹಿರಿಯರ ಹೃದಯದಲ್ಲಿ ಯಾವುದಿದೆಯೋ ಅದನ್ನೇ ಹಾಡುವುದು ನೆರೆಯವರ ಪ್ರೀತಿಯೆಂದು ನಾವು ತಿಳಿಯುತ್ತೇವೆ.

ಈ ಉಪಚಾರವನ್ನು ಮಾಡುವವರಿಗೆ ಕೆಲವು ಸೂಚನೆಗಳು. ಮೊದಲನೆಯದಾಗಿ, ಹಿಂದಿನಿಂದ ಹೋಗಿ ಮುಟ್ಟಕೂಡದು. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ಅವರು ಕರೆಸಿಕೊಂಡ ಹೆಸರಿನಿಂದಲೇ ಕರೆದು, ಆಮೇಲೆ ಕೈ ನೀಡಬೇಕು. ಎರಡನೆಯದಾಗಿ, ಅವರು ಕೈಯನ್ನು ಹಿಂದೆಗೆದುಕೊಂಡರೆ ಬಲವಂತ ಮಾಡಬಾರದು; ಮೈಯಲ್ಲಿ ನೋವಿದೆಯೇ ಎಂದು ನೋಡಬೇಕು; ಬೇಡವೆನ್ನುವ ಹಕ್ಕು ಮರೆವಿನವರಿಗೂ ಉಂಟು. ಮೂರನೆಯದಾಗಿ, ಹಾಡುವಾಗ ದೂರದರ್ಶನವನ್ನು ನಿಲ್ಲಿಸಬೇಕು. ಎರಡು ಸದ್ದುಗಳನ್ನು ಬೇರ್ಪಡಿಸುವ ಶಕ್ತಿ ಅವರಲ್ಲಿ ಕುಂದಿರುತ್ತದೆ. ನಾಲ್ಕನೆಯದಾಗಿ, ಕಂಠ ಮಧುರವಾಗಿಲ್ಲವೆಂಬ ಸಂಕೋಚ ಬೇಡ, ಗುನುಗಿದರೂ ಸಾಕು. ನಿಧಾನವಾಗಿ ಹಾಡಿ, ಸಾಲಿನ ಕಡೆಯ ಮಾತನ್ನು ಅವರಿಗಾಗಿ ಬಿಟ್ಟುಕೊಟ್ಟು, ಬಂದರೆ ಸಂತೋಷಪಟ್ಟು, ಬಾರದಿದ್ದರೆ ತಾನೇ ಹೇಳಿ ಮುಂದುವರಿಯಬೇಕು. ಅದನ್ನೂ ಪರೀಕ್ಷೆಯಾಗಿ ಮಾಡಬಾರದು. ಐದನೆಯದಾಗಿ, ಕೆಲವು ಹಾಡುಗಳು ಹಳೆಯ ದುಃಖವನ್ನು ಕೆದಕುವುದುಂಟು. ಕಣ್ಣೀರು ಬಂದರೆ ಓಡಿಹೋಗಬಾರದು, ಗದರಬಾರದು. ಕೈ ಹಿಡಿದು ಕುಳಿತಿರಬೇಕು. ಸಂಕಟವೇ ಹೆಚ್ಚಾದರೆ ಮತ್ತೊಂದು ಹಾಡಿಗೆ ತಿರುಗಬೇಕು. ಕಡೆಯದಾಗಿ, ಅವರು ಮಕ್ಕಳಂತಾಗಿದ್ದಾರೆಂದು ಹೇಳುತ್ತ ತೊದಲು ಮಾತನಾಡಿಸುವುದು, ಬಂದವರ ಮುಂದೆ ಹಾಡಿಸಿ ಚಪ್ಪಾಳೆ ತಟ್ಟುವುದು ಕೂಡದು. ಒಂದು ಸಂಸಾರವನ್ನು ನಡೆಸಿದವರು ಅವರು; ಗೊಂಬೆಯಲ್ಲ.

ಸಂಜೆಯ ಹೊತ್ತು ‘ನಮ್ಮವ್ವನ ಹತ್ತಿರ ಹೋಗುತ್ತೇನೆ’ ಎಂದು ಎಂಬತ್ತರ ಮುದುಕಿ ಹಟಹಿಡಿದರೆ ಏನು ಹೇಳಬೇಕೆಂದು ಹಲವರು ನಮ್ಮನ್ನು ಕೇಳಿದ್ದಾರೆ. ನಿನ್ನ ತಾಯಿ ಸತ್ತು ನಲವತ್ತು ವರ್ಷವಾಯಿತೆಂದರೆ ಆಕೆಗೆ ಆ ಸಾವು ಆಗಲೇ ಸಂಭವಿಸಿದಂತೆ. ಅವ್ವ ನಾಳೆ ಬರುತ್ತಾಳೆಂದರೆ ಅದು ಸುಳ್ಳು. ಸತ್ಯವನ್ನೇ ನುಡಿಯಿರೆಂದು ಮಕ್ಕಳಿಗೆ ಬೋಧಿಸುವ ನಮಗೆ ಇದು ಸಣ್ಣ ಪ್ರಶ್ನೆಯಾಗಿ ತೋರಲಿಲ್ಲ. ಆಲೋಚಿಸಿದರೆ ಆಕೆ ಕೇಳುತ್ತಿರುವುದು ಸಮಾಚಾರವನ್ನಲ್ಲ, ಆಸರೆಯನ್ನು. ‘ನಿಮ್ಮ ಅವ್ವ ಹೇಗಿದ್ದರು? ಏನು ಹಾಡು ಹೇಳುತ್ತಿದ್ದರು?’ ಎಂದು ಕೇಳಿ, ಪಕ್ಕದಲ್ಲಿ ಕುಳಿತು, ಕೈಯನ್ನು ನೀವಿದರೆ ಸುಳ್ಳೂ ಆಗಲಿಲ್ಲ, ಶೂಲವೂ ಆಗಲಿಲ್ಲ. ಇದರ ಜೊತೆಗೆ ವಿವೇಕವೂ ಬೇಕು. ಮರೆಗುಳಿಯಾದ ತಂದೆಯೊಬ್ಬರು ನಗರದಲ್ಲಿ ತಪ್ಪಿಸಿಕೊಂಡ ಕಥೆಯನ್ನು ೨೦೧೬ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರ ಅಭಿನಯದಿಂದ ನಾಡೆಲ್ಲ ಕಂಡಿತು. ಹಿರಿಯರ ಜೇಬಿನಲ್ಲಾಗಲಿ ಸೆರಗಿನ ಗಂಟಿನಲ್ಲಾಗಲಿ ಊರು, ಮನೆಯವರ ಫೋನು ಬರೆದ ಚೀಟಿಯೊಂದು ಯಾವಾಗಲೂ ಇರಲಿ. ನೆರವು ಬೇಕಾದವರು ಹಿರಿಯ ನಾಗರಿಕರ ಸಹಾಯವಾಣಿ ೧೪೫೬೭ಕ್ಕೆ ಕರೆಮಾಡಬಹುದು. ಸೇವೆಮಾಡಿ ತಮ್ಮ ಮನಸ್ಸೇ ಬಳಲಿದವರಿಗೆ ಟೆಲಿ-ಮಾನಸ್ ೧೪೪೧೬ ಇದೆ.

ಆ ಬಳಲಿಕೆಯನ್ನು ಕುರಿತು ಒಂದು ಮಾತನ್ನು ಹೇಳದೆ ಬಿಡಲಾರೆವು. ಮೇಲೆ ಹೇಳಿದ ಉಪಚಾರಗಳನ್ನೆಲ್ಲ ಓದಿದಾಗ ಓದುಗರ ಕಣ್ಣಮುಂದೆ ಬರುವ ಚಿತ್ರವು ಮಗಳದು, ಇಲ್ಲವೆ ಸೊಸೆಯದು. ಮಗನು ಬೆಂಗಳೂರಿನಿಂದ ಹಣ ಕಳುಹಿಸುತ್ತಾನೆ, ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ನಿಂತು ‘ನಾನ್ಯಾರು’ ಎಂದು ಕೇಳಿ ಹೋಗುತ್ತಾನೆ. ರಾತ್ರಿ ಮೂರು ಸಾರಿ ಏಳುವವಳು ಸೊಸೆ. ಅವಳಿಗೆ ‘ಪ್ರೀತಿಯಿಂದ ಹಾಡಮ್ಮಾ’ ಎಂದು ಉಪದೇಶಿಸಿ ಹೊರಟುಹೋಗುವುದು ನ್ಯಾಯವಲ್ಲ. ನಿದ್ರೆಯಿಲ್ಲದ ಕಂಠದಿಂದ ಹಾಡು ಹೊರಡುವುದಿಲ್ಲ. ಗಂಡುಮಕ್ಕಳ ಕೈಯೂ ಬೆಚ್ಚಗೇ ಇದೆ. ಅವರಿಗೂ ತಾಯಿಯ ಹಾಡು ಗೊತ್ತಿದೆ. ಸೊಸೆಯ ಸ್ಪರ್ಶವನ್ನು ಮಾವನಾದವನು ಮರ್ಯಾದೆಯ ಕಾರಣದಿಂದ ಒಪ್ಪದ ಮನೆಗಳಲ್ಲಿ ಮಗನೇ, ಮೊಮ್ಮಗನೇ ಮುಂದೆ ಬರಬೇಕು. ದೂರದಲ್ಲಿರುವವರು ದಿನವೂ ಒಂದು ಹೊತ್ತಿನಲ್ಲಿ ಫೋನಿನಲ್ಲಿ ತಾಯಿಯ ಹಾಡನ್ನು ಹಾಡಲಿ. ಊರಿನಲ್ಲಿರುವ ನೆಂಟರು ವಾರಕ್ಕೊಂದು ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲಿ ಕುಳಿತು ಸೊಸೆಯನ್ನು ಮಲಗಲು ಕಳುಹಿಸಲಿ. ಇದು ಹಬ್ಬಕ್ಕೆ ತರುವ ಹಣ್ಣಿನ ಬುಟ್ಟಿಗಿಂತ ದೊಡ್ಡ ಉಡುಗೊರೆ.

ಹಾಡಿನಿಂದಲೂ ಸ್ಪರ್ಶದಿಂದಲೂ ರೋಗವು ಗುಣವಾಗುವುದಿಲ್ಲ. ಹಾಗೆ ಹೇಳಿ ಯಾರನ್ನೂ ಆಸೆಗೆ ಹಚ್ಚಲಾರೆವು. ಸಂಗೀತದ ಚಿಕಿತ್ಸೆಯನ್ನು ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೫ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು, ಅದರಿಂದ ರೋಗಿಗಳ ಮನದ ಖಿನ್ನತೆ ಬಹುಶಃ ತಗ್ಗುತ್ತದೆ, ನಡವಳಿಕೆಯ ತೊಂದರೆಗಳೂ ಸ್ವಲ್ಪ ಕಡಿಮೆಯಾಗಬಹುದು, ಆದರೆ ಬಹುಕಾಲದ ಫಲವು ಸ್ಪಷ್ಟವಿಲ್ಲ ಎಂದಿದೆ. ಮಿತವಾದ ಮಾತು, ಅಷ್ಟನ್ನೇ ನಂಬಬೇಕು. ದಿನಕ್ಕೆ ಅರ್ಧ ಗಂಟೆ ಭಯವಿಲ್ಲದ ಹೊತ್ತು ದೊರೆತರೆ ಅದು ರೋಗಿಗೂ ದೊಡ್ಡದು, ಶುಶ್ರೂಷೆ ಮಾಡುವವರಿಗೂ ದೊಡ್ಡದು.

ಕಡೆಗೆ ನಮ್ಮ ಶಾಲೆಯ ಮಾತು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿದಾಗಲೆಲ್ಲ, ಸಂಗೀತದ ಪೀರಿಯಡ್ಡನ್ನು ತೆಗೆದು ಗಣಿತಕ್ಕೆ ಕೊಡಬಾರದೇ ಎಂದು ಕೆಲವು ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ. ಅವರ ಕಳವಳವು ನಮಗೆ ತಿಳಿಯದ್ದಲ್ಲ. ವಿದ್ಯೆಯು ಮಿದುಳನ್ನು ಈ ರೋಗದಿಂದ ಕೆಲಮಟ್ಟಿಗೆ ಕಾಯುತ್ತದೆಂಬುದೂ ನಿಜ. ಗಣಿತವನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೆ ಹದಿಮೂರರಿಂದ ಹದಿನಾರರವರೆಗಿನ ವಯಸ್ಸೇ ಹಾಡುಗಳು ಆಳಕ್ಕಿಳಿಯುವ ವಯಸ್ಸೆಂಬುದನ್ನು ಅವರು ಯೋಚಿಸಬೇಕು. ಇಂದು ನಮ್ಮ ಹುಡುಗಿಯರು ಪಡೆದ ಅಂಕಗಳು ಎಂಬತ್ತರಲ್ಲಿ ಅವರಿಗೆ ನೆನಪಿರಲಾರವು. ಕೂಡಿ ಹಾಡಿದ ಹಾಡು ಇರಬಹುದು. ಆ ದಿನ ಅವರ ಪಕ್ಕದಲ್ಲಿ ಕುಳಿತವರಿಗೆ ಹಾಡಲು ಯಾವುದಾದರೊಂದು ಇರಬೇಕಲ್ಲವೇ? ಆದಕಾರಣ ಸಂಗೀತದ ಪೀರಿಯಡ್ಡು ಇರತಕ್ಕದ್ದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮನೆಯ ಹಾಡುಗಳಿಗೂ ಅಪಾಯವಿದೆ. ಬೀಸುವ ಕಲ್ಲು ಅಟ್ಟಕ್ಕೇರಿತು. ಅದರೊಡನೆ ಪದವೂ ಏರಿತು. ಅಜ್ಜಿಯ ಬಾಯಲ್ಲಿದ್ದ ಪದವನ್ನು ಮೊಮ್ಮಗಳು ಕಲಿಯದಿದ್ದರೆ, ಅಜ್ಜಿಯ ಮನಸ್ಸಿಗೆ ಮಂಜು ಕವಿದ ದಿನ ಅದನ್ನು ಹಾಡಿ ಕರೆಯುವವರಾರು? ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಈ ಬೇಸಗೆಯ ರಜೆಯಲ್ಲಿ ತನ್ನ ಮನೆಯ, ಇಲ್ಲವೆ ನೆರೆಮನೆಯ ಹಿರಿಯರ ಬಳಿ ಕುಳಿತು ಐದು ಹಾಡುಗಳನ್ನು ಕಲಿತು, ಪುಸ್ತಕದಲ್ಲಿ ಬರೆದುಕೊಂಡು, ಅವು ಯಾವಾಗ ಯಾರಿಂದ ಬಂದವೆಂಬುದನ್ನೂ ಗುರುತಿಸಿ ತರಬೇಕೆಂದು ಅಪ್ಪಣೆ ಮಾಡಿದ್ದೇವೆ. ಇದಕ್ಕೆ ಅಂಕಗಳಿಲ್ಲ. ಹಳೆಯ ವಿದ್ಯಾರ್ಥಿನಿಯರೂ ಹಾಗೆಯೇ ಮಾಡಿ, ಒಂದು ಪ್ರತಿಯನ್ನು ಶಾಲೆಗೆ ಕಳುಹಿಸಿಕೊಟ್ಟರೆ ಉಪಕಾರವಾಗುವುದು. ಬರೆದುಕೊಳ್ಳುವಾಗ ಒಂದು ಕೈಯಲ್ಲಿ ಮಾತ್ರ ಲೇಖನಿಯಿರಲಿ. ಇನ್ನೊಂದು ಕೈ ಅಜ್ಜಿಯ ಕೈಯಲ್ಲಿರಲಿ ಎಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇವೆ.